ಎರಡನೆಯ ಬಾವಿಯ ನೀರು

"ಮೊದಲ್ನೇ ಹಾಡು ಎಲ್ಲಿಂದ ಬಂತು ಅನ್ನೂದ ಗೊತ್ತಿಲ್ಲದಾಕಿ, ಎರಡ್ನೇದನ್ನ ಎಲ್ಲಿಂದ ತರಬೇಕ್ರಿ ಮಾಸ್ತರ?"

ಮಂದಾಕಿನಿ ಹೀಗೆ ಕೇಳಿದಾಗ ಫಕೀರಪ್ಪ ಮಾಸ್ತರರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಹಚ್ಚಿ, ಮಡಿಚಿ, ದವಡೆಗೆ ಇಟ್ಟುಕೊಂಡರು. ಪ್ರಶ್ನೆ ತಮಗಲ್ಲವೇನೋ ಎಂಬಂತೆ ಬೇರೆಯೇ ಮಾತು ತೆಗೆದರು.

"ಎತ್ತಿನ ಬಾವಿ ನೀರು ಕುಡದೀನಿ ನಾನು. ಅದರ ಬೆನ್ನಿಗೆ ತೋಡಿದ ಎರಡ್ನೇ ಬಾವಿ ನೀರೂ ಕುಡದೀನಿ. ಎರಡೂ ಕುಡದಾಂವ ಈ ಸೀಮಿಯೊಳಗ ನಾ ಒಬ್ಬನ. ನಾಟಕ ಕಂಪನಿಯಿಂದ ನಾಕು ಮಂದಿ ಕೂಡಿ ಹೋಗಿದ್ವಿ. ಉಳಿದ ಮೂವರೂ ತೀರಿಕೊಂಡ್ರು. ಇಲ್ಲಂದ್ರ ಕರದು ಕೇಳಸ್ತಿದ್ದೆ ನಿನಗ."

ಮಾಸ್ತರರ ಸಾಕ್ಷಿಗಳು ಯಾವಾಗಲೂ ಸತ್ತವರೇ. ಕಂಪನಿಯಲ್ಲಿದ್ದಾಗ ಇವರು ಮೇಲಿನ ಷಡ್ಜ ಹಿಡಿದರೆ ಗ್ಯಾಸ್ ಬತ್ತಿಯ ಗಾಜು ಬಿರಿಯುತ್ತಿತ್ತಂತೆ. ಅದನ್ನು ಕಂಡ ದೀಪದವನು ಈಗಿಲ್ಲ. ಒಮ್ಮೆ ರಂಗದ ಮೇಲೆ ನಾಗರಹಾವು ಬಂದು, ಹಾಡು ಮುಗಿಯುವ ತನಕ ಹೆಡೆ ತೂಗಿ, ಟಿಕೆಟ್ ತೆಗೆಸಿಲ್ಲವೆಂದು ನಾಚಿ ಹೊರಟುಹೋಯಿತಂತೆ. ಆ ಹಾವೂ ಈಗಿಲ್ಲ. ಶಾಲೆಯ ಹೊಸ್ತಿಲು ತುಳಿದವರಲ್ಲ, ಆದರೂ ಊರಿಗೆಲ್ಲ ಅವರು ಮಾಸ್ತರರು. ಮಂದಾಕಿನಿಗೆ ಸರಿಗಮ ಹಾಕಿಕೊಟ್ಟವರೂ ಅವರೇ. ಅವರ ಸುಳ್ಳನ್ನು ಸುಳ್ಳೆಂದು ತಿಳಿದೇ, ಬಾಯಿ ಬಿಟ್ಟುಕೊಂಡು ಕೇಳುತ್ತ ಬೆಳೆದವಳು ಅವಳು. ಇಂದು ಮಾತ್ರ ಅವಳಿಗೆ ನಗು ಬರಲಿಲ್ಲ.

"ಬಾವಿ ಸುದ್ದಿ ಇರ್ಲಿ ಬಿಡ್ರಿ. ನನಗ ಹೊತ್ತಿಲ್ಲ. ಅವ್ವ ಕೆಳಗ ಕಾರಿನ್ಯಾಗ ಕುಂತಾಳ."

"ಮ್ಯಾಲ ಕರಕೊಂಡು ಬರೂದಿಲ್ಲೇನು?"

"ಮೆಟ್ಲ ಹತ್ತಾಕ ಆಗಂಗಿಲ್ಲ ಆಕೀಗೆ. ಉಸಿರು ಸಾಲಂಗಿಲ್ಲ. ದವಾಖಾನಿಗೆ ಹೊಂಟೀವಿ. ಇವತ್ತ ಸೇರಿಸ್ರಿ ಅಂದಾರ ಡಾಕ್ಟರು."

"ದವಾಖಾನಿ ಹಾದಿ ಈ ಓಣ್ಯಾಗ ಹಾಯಂಗಿಲ್ಲಲ್ಲ ತಂಗಿ."

ಮಾಸ್ತರರ ಖೋಲಿ ಹಿಟ್ಟಿನ ಗಿರಣಿಯ ಮೇಲಿತ್ತು. ಕರೆಂಟು ಹೋಗಿ ಗಿರಣಿ ನಿಂತಿತ್ತು. ಅದಕ್ಕೇ ಕಿಟಕಿಯ ಕೆಳಗಿನಿಂದ ಅವ್ವನ ಕೆಮ್ಮು ಸ್ಪಷ್ಟವಾಗಿ ಕೇಳಿಸಿತು. ಮೊದಲು ಒಂದು ಉದ್ದನೆಯದು, ಆಮೇಲೆ ಎರಡು ತುಂಡು, ಆಮೇಲೆ ಉಸಿರೆಳೆದುಕೊಳ್ಳುವ ಸಿಳ್ಳು. ಮಂದಾಕಿನಿಯ ಬಲಗೈಯ ಬೆರಳು ಮೊಣಕಾಲಿನ ಮೇಲೆ ತಾನಾಗಿ ಬಡಿಯಿತು. ಒಂದು ಉದ್ದ, ಎರಡು ತುಂಡು. ಅವಳು ಥಟ್ಟನೆ ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಳು.

ಮಾಸ್ತರರು ಅದನ್ನು ನೋಡಿದರು. ನೋಡಿ, ಕಿಟಕಿಯ ಕಡೆಗೂ ಒಮ್ಮೆ ನೋಡಿದರು.

ಅವಳ ಮೊದಲ ಹಾಡಿನ ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಅವಳ ಅಕ್ಕ ಭಾಗೀರಥಿ ದವಾಖಾನೆಯ ಹಾಸಿಗೆ ಹಿಡಿದಿದ್ದಳು. ಆಕೆಗೆ ನಿದ್ದೆ ಬಾರದು. ಸುತ್ತಲಿನ ಹಾಸಿಗೆಯವರಿಗೆ ಕೇಳಿಸದಂತೆ ಮಂದಾಕಿನಿ ಅಕ್ಕನ ಕಿವಿಗೆ ಬಾಯಿಟ್ಟು ಗುನುಗುತ್ತಿದ್ದಳು. ತಾನು ಮನೆಗೆ ಹೋದಾಗಲೂ ಅಕ್ಕ ಕೇಳಲಿ ಎಂದು ಅದನ್ನೇ ಫೋನಿನಲ್ಲಿ ತುಂಬಿಕೊಟ್ಟಳು. ಅಕ್ಕ ಉಳಿಯಲಿಲ್ಲ. ಫೋನಿನ ಹಾಡು ಉಳಿಯಿತು. ಯಾರೋ ಕೇಳಿದರು, ಯಾರೋ ಹಂಚಿದರು, ಬೆಂಗಳೂರಿನ ಒಂದು ಕಂಪನಿಯವರು ಹುಡುಕಿಕೊಂಡು ಬಂದರು. ಗಿಟಾರು, ಡ್ರಮ್ಮು ಕೂಡಿಸಿ 'ಕಿಟಕಿ ಕಡೆ ಹಾಸಿಗೆ' ಎಂಬ ಹೆಸರಿನಲ್ಲಿ ಆಲ್ಬಮ್ ಬಿಟ್ಟರು. ಆಮೇಲೆ ಕೇಳಬೇಕೆ! ಆಟೊದಲ್ಲಿ ಅದೇ, ಮದುವೆಯ ಬ್ಯಾಂಡಿನಲ್ಲಿ ಅದೇ, ಕ್ಷೌರದಂಗಡಿಯಲ್ಲಿ ಅದೇ. ಅಕ್ಕನನ್ನು ಮಲಗಿಸಲು ಹಾಡಿದ ಹಾಡಿಗೆ ಮೈದಾನದ ತುಂಬ ಹುಡುಗರು ಎದ್ದು ಕುಣಿದರು. ಪೋಸ್ಟರಿನಲ್ಲಿ ಅವಳ ಹೆಸರನ್ನು ಕತ್ತರಿಸಿ 'ಮಂದಾ' ಎಂದಷ್ಟೇ ಬರೆದರು. ಅವಳು ಮಂದಾ ಆದಳು.

ಈಗ ಕಂಪನಿಗೆ ಎರಡನೆಯದು ಬೇಕು. ಕೇಳುವವರಿಗೂ ಬೇಕು. ಬೇಕು ಬೇಕೆಂದು ಕೂಗುವವರ ಎದುರು ಅವಳು ಬಾಗಿಲು ಹಾಕಿಕೊಂಡು ಕೂತಳು. ಒಂದು ಸಾಲು ಹುಟ್ಟಲಿಲ್ಲ. ಹುಟ್ಟಿದ್ದಕ್ಕೆಲ್ಲ ಮೊದಲನೆಯದರ ಮುಖವೇ, ಜೀವ ಮಾತ್ರ ಇರಲಿಲ್ಲ. ಕಂಪನಿಯ ಹುಡುಗ ಬಲು ವಿನಯಸ್ಥ. ಪ್ರತಿಸಲವೂ ಕೇಳಿಸಿಕೊಂಡು ಒಂದೇ ಮಾತು ಹೇಳುತ್ತಿದ್ದ: "ಚೆನ್ನಾಗಿದೆ ಮೇಡಮ್. ಆದ್ರೆ ಅದರಲ್ಲಿ ಒಂದು ನೋವು ಇತ್ತಲ್ಲ, ಅದು ಇದರಲ್ಲಿ ಸಿಗ್ತಾ ಇಲ್ಲ."

ಆ ನೋವು ಅವಳಿಗೆ ಇಂದು ಬೆಳಿಗ್ಗೆ ಸಿಕ್ಕಿತ್ತು. ಕಾರಿನ ಹಿಂದಿನ ಸೀಟಿನಲ್ಲಿ ಅವ್ವ ಅವಳ ಹೆಗಲಿಗೆ ತಲೆಯಿಟ್ಟು ಕೆಮ್ಮುತ್ತಿದ್ದಳು. ಮನೆಯಿಂದ ಸ್ವಲ್ಪ ದೂರ ಬಂದ ಮೇಲೆ ಮಂದಾಕಿನಿ ತನ್ನ ಕೈ ನೋಡಿಕೊಂಡಳು. ಕೆಮ್ಮಿನ ಬಡಿತಕ್ಕೆ ಸರಿಯಾಗಿ ಬೆರಳು ಸೀಟಿನ ಮೇಲೆ ತಾಳ ಹಾಕುತ್ತಿತ್ತು. ತಾಳದ ಹಿಂದೆ ಒಂದು ರಾಗದ ಎಳೆ ಎದ್ದು ಬರುತ್ತಿತ್ತು. ಎಷ್ಟೋ ದಿನಗಳ ಮೇಲೆ ಬಂದ ಎಳೆ. ಅವಳಿಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ಎದೆ ಝಲ್ಲೆಂದಿತು. ಒಮ್ಮೆ ಕೆಮ್ಮು ನಿಂತಾಗ, 'ಇನ್ನೊಂದು ಸಲ ಬರಲಿ' ಎಂದು ಅವಳ ಕಿವಿ ಕಾಯಿತು. ಅಷ್ಟರಲ್ಲಿ ಅವಳು ಡ್ರೈವರನಿಗೆ ಹೇಳಿ ಕಾರನ್ನು ಮಾಸ್ತರರ ಓಣಿಗೆ ತಿರುಗಿಸಿದ್ದಳು. "ಐದ ನಿಮಿಷ ಅವ್ವಾ" ಎಂದಿದ್ದಳು. "ಹೋಗಿ ಬಾರವಾ, ನಾ ಎಲ್ಲಿ ಓಡಿ ಹೋಗ್ತೀನಿ" ಎಂದಿದ್ದಳು ಅವ್ವ. ಡ್ರೈವರ್ ಕಾರನ್ನು ಬೇವಿನ ಮರದ ನೆರಳಿಗೆ ನಿಲ್ಲಿಸಿ ಚಹಾ ಕುಡಿಯಲು ಹೋಗಿದ್ದ.

ಇದನ್ನೆಲ್ಲ ಅವಳು ಮಾಸ್ತರರಿಗೆ ಹೇಳಲಿಲ್ಲ. ಹೇಳುವಂಥದ್ದಲ್ಲ. ಹಾಡು ಎಲ್ಲಿಂದ ತರಬೇಕು ಎಂದಷ್ಟೇ ಕೇಳಿದ್ದಳು.

"ಕತಿ ಸಣ್ಣದೈತಿ" ಎಂದರು ಮಾಸ್ತರರು. "ಈ ಎಲಿ ಅಡಕಿ ಮುಗಿಯೂದ್ರೊಳಗ ಮುಗೀತದ. ಕೇಳಿ ಹೋಗು."

ಹೇಳತೊಡಗಿದರು. ಬೀಗುವಾಗಿನ ದನಿ ಬೇರೆ, ಕತೆ ಹೇಳುವಾಗಿನ ದನಿ ಬೇರೆ. ಕತೆಗೆ ಕೂತರೆ ಅವರು ಮಾತನ್ನು ತೂಗಿ ತೂಗಿ ಇಡುತ್ತಿದ್ದರು, ಬೆಳ್ಳಿ ಮಾರುವವನ ಹಾಗೆ.

ಒಬ್ಬ ಗಾಡಿಯವನಿದ್ದ. ಅವನಿಗೆ ಒಂದು ಜೋಡಿ ಎತ್ತು. ಬಲಗಡೆಯದು ಹಿರಿಯದು, ಎಡಗಡೆಯದು ಕಿರಿಯದು. ಬಯಲ ದಾರಿಯಲ್ಲಿ ಒಂದು ದಿನ ಹಿರಿಯ ಎತ್ತು ನೊಗದಲ್ಲೇ ಕುಸಿದು ಸತ್ತಿತು.

ದುಡಿದ ಎತ್ತನ್ನು ಹದ್ದಿಗೆ ಬಿಡಬಾರದು. ಆಳುದ್ದ ಗುಂಡಿ ತೋಡಿ, ಉಪ್ಪು ಹಾಕಿ, ಮನೆಯವರನ್ನು ಹೂಳುವಂತೆ ಹೂಳಬೇಕು. ಅದು ಗಾಡಿಯವರ ಕಟ್ಟಳೆ. ಅವನು ಅಳುತ್ತ ತೋಡಿದ. ಆಳುದ್ದವಾಯಿತು. ಅಂಥ ಎತ್ತಿಗೆ ಆಳುದ್ದ ಸಾಲದು ಅನಿಸಿತು. ಇನ್ನೂ ತೋಡಿದ. ನೀರಿನ ಯೋಚನೆ ಅವನಿಗಿರಲಿಲ್ಲ. ಹಾರೆಯ ಏಟಿಗೆ ನೀರು ಚಿಮ್ಮಿತು.

ನೀರು ಬಂದ ಗುಂಡಿಯಲ್ಲಿ ಹೆಣ ಹೂಳಲಾಗದು. ಮೇಲೆ ಬಂದು, ಆಚೆಗೊಂದು ಗುಂಡಿ ತೋಡಿ, ಎತ್ತನ್ನು ಅದರಲ್ಲಿ ಮಲಗಿಸಿದ. ಆ ಗುಂಡಿಯಲ್ಲಿ ನೀರು ಬರಲಿಲ್ಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲಿನದರ ನೀರು ಸಿಹಿಯಾಗಿತ್ತು. ಹೋಗುವವರು ಕುಡಿದರು, ಬರುವವರು ಕುಡಿದರು. ಎತ್ತಿನ ಬಾವಿ ಎಂದು ಹೆಸರಾಯಿತು. ಗಾಡಿಯವನ ಹೆಸರು ನೀರಿಗಿಂತ ಮುಂದೆ ಹರಿಯಿತು. "ಅವನ ಕೈಯಲ್ಲಿ ಗಂಗವ್ವ ಇದ್ದಾಳೆ" ಎಂದರು ಜನ. ಅವನೂ ತನ್ನ ಅಂಗೈಯನ್ನು ಮಗುಚಿ ಮಗುಚಿ ನೋಡಿಕೊಂಡ.

ಒಬ್ಬ ವ್ಯಾಪಾರಿ ಹೊಸ ಸಂತೆ ಕಟ್ಟಲು ಹೊರಟಿದ್ದ. ಜಾಗವಿತ್ತು, ನೀರಿರಲಿಲ್ಲ. ನೀರು ಬರುತ್ತದೆ ಎಂದು ಊರೂರಿಗೆ ಡಂಗುರ ಹೊಡೆಸಿ, ಆಮೇಲೆ ಗಾಡಿಯವನನ್ನು ಕರೆಸಿದ.

"ಅಂಥದೇ ಇನ್ನೊಂದು ಬೇಕು" ಎಂದ ವ್ಯಾಪಾರಿ.

"ನನಗೆ ನೀರಿನ ವಿದ್ಯೆ ಗೊತ್ತಿಲ್ಲ ಧಣಿ. ನಾನು ತೋಡಿದ್ದು ಎತ್ತಿಗಾಗಿ."

"ಗೊತ್ತಿಲ್ಲದೆ ತೋಡಿದ್ದಕ್ಕೇ ಬಂತಲ್ಲ. ಈಗಲೂ ಗೊತ್ತಿಲ್ಲದೆ ತೋಡು."

ಗಾಡಿಯವನು ತೋಡಲು ನಿಂತ. ಗೊತ್ತಿಲ್ಲದೆ ತೋಡುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

ಇಲ್ಲಿ ಮಂದಾಕಿನಿ ನಡುವೆ ಬಾಯಿ ಹಾಕಿದಳು.

"ಇದು ನನ್ನ ಕತಿನ ಅದ. ಈಗ ಕುಂತು ಕಟ್ಟಾಕ ಹತ್ತೀರಿ ನೀವು."

"ನಿನ್ನ ಕತಿ ಹೆಂಗಾಕ್ಕೈತಿ? ನಿಮ್ಮಜ್ಜನ ಅಜ್ಜ ತೊಟ್ಟಿಲದಾಗ ಇಲ್ಲದ ಕಾಲದ್ದು ಇದು" ಎಂದರು ಮಾಸ್ತರರು. "ಆ ಎರಡ್ನೇ ಬಾವಿ ಕಲ್ಲು ತುಂಬಿ ಮುಚ್ಚಿನ ಮುನ್ನೂರು ವರ್ಷ ಆಗಿರಬೇಕು. ಈಗ ಅದರ ಮ್ಯಾಲ ಪೆಟ್ರೋಲ್ ಬಂಕ್ ಐತಿ. ಹೋಗು, ಪೆಟ್ರೋಲ್ ಹಾಕಿಸಿಗೊಂಡು ನೋಡಿ ಬಾ."

ಕೆಳಗಿನಿಂದ ಕೆಮ್ಮು ಬಂತು. ಈ ಸಲ ಉದ್ದನೆಯದು ಅರ್ಧಕ್ಕೇ ಮುರಿಯಿತು. ಮಂದಾಕಿನಿಯ ಮನಸ್ಸು ಅಲ್ಲೇ ಒಂದು ಮಾತ್ರೆ ಬಿಡುವು ಇಟ್ಟು ತಾಳವನ್ನು ಸರಿಮಾಡಿಕೊಂಡಿತು. ಆ ಬಿಡುವಿನಲ್ಲಿ ರಾಗದ ಎಳೆ ಇನ್ನಷ್ಟು ಚಂದವಾಗಿ ಕೂತಿತು.

"ಲಗೂನ ಹೇಳ್ರಿ" ಎಂದಳು.

ಗಾಡಿಯವನು ತೋಡಿದ. ಸುತ್ತ ಜನ ಕೂತು ನೋಡಿದರು. ಮೊದಲ ಸಲ ತೋಡುವಾಗ ಯಾರೂ ನೋಡಿರಲಿಲ್ಲ. ಒಂದು ಕಡೆ ತೋಡಿದ, ಕಲ್ಲು ಬಂತು. ಇನ್ನೊಂದು ಕಡೆ ತೋಡಿದ, ಮರಳು ಬಂತು. ಸಂತೆಯ ದಿನ ಹತ್ತಿರ ಬಂತು. ನೀರು ಬರಲಿಲ್ಲ.

ಜನ ಕೂಡಿ ವಿಚಾರ ಮಾಡಿದರು. ಅವತ್ತು ಇದ್ದದ್ದು ಇವತ್ತು ಏನಿಲ್ಲ? ಒಬ್ಬನೆಂದ, ಅವತ್ತು ಹಾರೆಯ ತುದಿ ಮೊಂಡಾಗಿತ್ತಂತೆ. ಹಾರೆಯನ್ನು ಕಲ್ಲಿಗೆ ಬಡಿದು ಮೊಂಡು ಮಾಡಿದರು. ಇನ್ನೊಬ್ಬನೆಂದ, ಅವತ್ತು ಅವನು ಉಂಡಿರಲಿಲ್ಲವಂತೆ. ಅವನ ಬುತ್ತಿಯನ್ನು ಕಸಿದುಕೊಂಡರು. ಮತ್ತೊಬ್ಬನೆಂದ, ಅವತ್ತು ಅವನು ಅಳುತ್ತಿದ್ದನಂತೆ. ಉಳ್ಳಾಗಡ್ಡಿ ಹೆಚ್ಚಿ ಅವನ ಕಣ್ಣಿಗೆ ಹಿಡಿದರು. ಗಾಡಿಯವನು ಹಸಿದು, ಅತ್ತು, ಮೊಂಡು ಹಾರೆಯಿಂದ ತೋಡಿದ. ಕಣ್ಣಲ್ಲಿ ಮಾತ್ರ ನೀರು ಬಂತು.

ಕೊನೆಗೆ ಒಬ್ಬ ಮುದುಕಿ ಹೇಳಿದಳು.

"ಅವತ್ತು ಒಂದು ಎತ್ತು ಸತ್ತಿತ್ತಲ್ಲ."

ಎಲ್ಲರೂ ಗಾಡಿಯ ಕಡೆ ನೋಡಿದರು. ಕಿರಿಯ ಎತ್ತು ಗಾಲಿಗೆ ಕಟ್ಟಿಸಿಕೊಂಡು ಮೆಲುಕು ಹಾಕುತ್ತ ನಿಂತಿತ್ತು. ಮೆಲುಕಿಗೆ ತಕ್ಕಂತೆ ಕೊರಳ ಗಂಟೆ ಅಲ್ಲಾಡುತ್ತಿತ್ತು. ಅದು ಜನರನ್ನು ನೋಡಲಿಲ್ಲ. ಗಾಡಿಯವನನ್ನು ನೋಡಿತು.

"ಥೂ" ಎಂದ ಗಾಡಿಯವನು. ಹಾರೆ ಹೊತ್ತು ಎದ್ದುಹೋದ.

ವ್ಯಾಪಾರಿ ಬಲವಂತ ಮಾಡಲಿಲ್ಲ. ಅವನು ಕೆಟ್ಟವನಲ್ಲ. "ನಾನೇನು ಕೊಲ್ಲು ಎಂದೆನೇ?" ಎಂದ. "ಅದಕ್ಕೂ ವಯಸ್ಸಾಯಿತು. ಜೋಡಿ ಹೋದ ಮೇಲೆ ಒಂಟಿ ಎತ್ತು ಎಷ್ಟು ದಿನ ಬಾಳೀತು? ಅದು ಹೋಗುವಾಗ ನಮ್ಮ ಜಾಗದಲ್ಲಿ ಹೋಗಲಿ. ನೀನು ಕಟ್ಟಳೆಯಂತೆ ಗುಂಡಿ ತೋಡು. ಅಷ್ಟೇ."

ಇದರಲ್ಲಿ ತಪ್ಪೇನಿದೆ ಎಂದು ಗಾಡಿಯವನಿಗೆ ಥಟ್ಟನೆ ಹೊಳೆಯಲಿಲ್ಲ. ಎತ್ತನ್ನು ಸಂತೆಯ ಜಾಗಕ್ಕೆ ತಂದು ಕಟ್ಟಿದ.

ಅಂದಿನಿಂದ ಅವನು ಎತ್ತನ್ನು ಬೇರೆ ಕಣ್ಣಿನಿಂದ ನೋಡತೊಡಗಿದ. ಮೊದಲು ಮೇವು ತಿಂದಿತೇ ಎಂದು ನೋಡುತ್ತಿದ್ದ. ಈಗ ಬಿಟ್ಟಿತೇ ಎಂದು ನೋಡಿದ. ಎತ್ತು ಮೇವು ಬಿಟ್ಟ ದಿನ ಅವನ ತೋಳಿಗೆ ಹುರುಪು ಬಂತು. ಅಂದು ಅವನು ಒಂದೇ ಉಸಿರಿಗೆ ತೋಡಿದ. ಮಣ್ಣು ಮೆತ್ತಗೆ ಒಡ್ಡಿಕೊಂಡಿತು. "ಬಂತು ಬಂತು, ಅವತ್ತಿನ ಕೈ ಮರಳಿ ಬಂತು" ಎಂದರು ಜನ. ಅವನಿಗೂ ಹಾಗೇ ಅನಿಸಿತು. ಸಂಜೆ ಎತ್ತಿನ ಮೈ ಸವರಲು ಕೈ ಎತ್ತಿದವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ತನ್ನ ಕೈಗೆ ತಾನೇ ಅಂಜಿದ.

ಎತ್ತು ಚೇತರಿಸಿಕೊಂಡ ದಿನ ಮಣ್ಣು ಗಟ್ಟಿಯಾಯಿತು. ಸೊರಗಿದ ದಿನ ಮೆತ್ತಗಾಯಿತು. ಹೀಗೇ ನಡೆಯಿತು. ಬಿಸಿಲು ಏರಿದ ಒಂದು ದಿನ ಅವನು ಎತ್ತಿಗೆ ನೀರು ಕುಡಿಸುವುದನ್ನು ಮರೆತ. ಮರೆತನೋ, ಬಿಟ್ಟನೋ. ಅದು ಅವನಿಗೇ ತಿಳಿಯಲಿಲ್ಲ.

ಮಾಸ್ತರರು ಉಸಿರಿಗಾಗಿ ನಿಂತರು. ಮಂದಾಕಿನಿ ಕೈಚೀಲ ತೆರೆದಳು. ಒಳಗೆ ಅವ್ವನ ಗುಳಿಗೆಯ ಸ್ಟ್ರಿಪ್ ಇತ್ತು. ಬೆಳಗಿನ ಗುಳಿಗೆ ಇನ್ನೂ ಅದರ ಗೂಡಿನಲ್ಲೇ ಇತ್ತು. ನಾಷ್ಟಾ ಆಗಿ ಅರ್ಧ ತಾಸಿನ ಮೇಲೆ, ಕಾರಿನಲ್ಲೇ ಕೊಡಬೇಕಾಗಿತ್ತು. ಆಗ ರಾಗದ ಎಳೆ ಬಂದಿತ್ತು. ಮರೆತಿದ್ದಳು. ಮರೆತಿದ್ದೆ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು. ಎರಡನೆಯ ಸಲ ಯಾಕೆ ಹೇಳಿಕೊಳ್ಳಬೇಕಾಯಿತು ಎಂಬುದು ತಿಳಿಯದೆ ಕೈಚೀಲದ ಬಾಯಿ ಮುಚ್ಚಿದಳು.

ಎದ್ದು ಹೋಗಬೇಕಿತ್ತು. ಮೆಟ್ಟಿಲು ಅಲ್ಲೇ ಇತ್ತು. ಆದರೆ ಕತೆಯ ಬಾವಿಯಲ್ಲಿ ಏನಾಯಿತೆಂದು ತಿಳಿಯದೆ ಎದ್ದರೆ ಎಳೆ ತಪ್ಪಿಹೋಗುತ್ತದೆ ಎನಿಸಿತು. ಗಾಡಿಯವನಿಗೆ ನೀರು ಸಿಕ್ಕಿತೆಂದರೆ ತನಗೂ ಒಂದು ದಾರಿ. ಸಿಗಲಿಲ್ಲವೆಂದರೆ, ಬಿಡುವುದಕ್ಕಾದರೂ ಒಂದು ನೆಪ. ಎರಡರಲ್ಲಿ ಒಂದು ಅವಳಿಗೆ ಈಗಲೇ ಬೇಕಾಗಿತ್ತು.

"ಹೇಳ್ರಿ" ಎಂದಳು. ದನಿ ಸಣ್ಣದಾಗಿತ್ತು.

ಮಾಸ್ತರರು ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

ಸಂತೆಯ ದಿನ ಬಂತು. ಜನ ಕೊಡ ಹಿಡಿದು ಬಂದು ಸಾಲಾಗಿ ನಿಂತರು. ಗಾಡಿಯವನು ಗುಂಡಿಗೆ ಇಳಿದ. ಎತ್ತು ಮೇಲೆ ಗುಂಡಿಯ ಅಂಚಿನಲ್ಲಿ ಮಂಡಿಯೂರಿ ಕೂತಿತ್ತು. ಅದಕ್ಕೆ ನಿಲ್ಲುವ ಬಲ ಇರಲಿಲ್ಲ. ಕೆಳಗಿನಿಂದ ನೋಡಿದರೆ ಅವನಿಗೆ ಎತ್ತು ಕಾಣುತ್ತಿರಲಿಲ್ಲ. ಗಂಟೆಯ ಸದ್ದು ಮಾತ್ರ ಕೇಳುತ್ತಿತ್ತು.

ಅವನು ತೋಡಿದ. ಕೆಳಗೆ ಹಾರೆಯ ಸದ್ದು, ಮೇಲೆ ಗಂಟೆಯ ಸದ್ದು. ಮಣ್ಣಿನ ಬಣ್ಣ ತಿರುಗಿತು. ಇನ್ನೂ ತೋಡಿದ. ಅಂಗಾಲಿಗೆ ತಂಪು ಹತ್ತಿತು. ಹಿಡಿ ಮಣ್ಣು ತೆಗೆದು ಹಿಂಡಿದ. ಬೆರಳ ಸಂದಿ ಒದ್ದೆಯಾಯಿತು.

ಮೇಲಿನಿಂದ ವ್ಯಾಪಾರಿ ಬಗ್ಗಿ ನೋಡಿದ. "ಒಂದೇ ಏಟು" ಎಂದ. "ಇನ್ನೊಂದೇ ಏಟು."

ಜನರೆಲ್ಲ ಬಗ್ಗಿ ನೋಡಿದರು. ಯಾರೂ ಎತ್ತಿನ ಕಡೆ ನೋಡುತ್ತಿರಲಿಲ್ಲ.

ಗಾಡಿಯವನು ಹಾರೆ ಎತ್ತಿದ. ಆಗ ಮೇಲಿನ ಗಂಟೆಯ ಸದ್ದು ನಿಂತಿತು.

ಅವನು ಎತ್ತಿದ ಹಾರೆಯನ್ನು ಎತ್ತಿದಂತೆಯೇ ಹಿಡಿದು, ತಲೆ ಮೇಲೆತ್ತಿ ಕಿವಿಗೊಟ್ಟ.

ಮಾಸ್ತರರು ಪೀಕದಾನಿಯನ್ನು ಹತ್ತಿರ ಎಳೆದು, ಬಗ್ಗಿ, ಎಲೆಯ ರಸ ಉಗಿದರು. ಪಂಚೆಯ ತುದಿಯಿಂದ ತುಟಿ ಒರೆಸಿಕೊಂಡರು. ಗೋಡೆಗೆ ಒರಗಿದರು.

ಮಂದಾಕಿನಿ ಕಾದಳು. ಖೋಲಿಯಲ್ಲಿ ಒಂದು ನೊಣ ಗುಂಯ್ಗುಡುತ್ತಿತ್ತು. ಬೇರೆ ಸದ್ದಿರಲಿಲ್ಲ.

"ಆಮ್ಯಾಲ?"

"ಆಮ್ಯಾಲೇನು. ಎಲಿ ಮುಗೀತು, ಕತಿ ಮುಗೀತು."

"ಹಿಂಗ ಮುಗಿಸಿದ್ರ ಹೆಂಗ್ರಿ? ನೀರು ಬಂತೋ ಇಲ್ಲೋ?"

"ಬಂತಂತ ತಿಳಕೋ."

"ತಿಳಕೊಳ್ಳೂದಲ್ಲ. ಬಂತೋ, ಇಲ್ಲೋ? ಒಂದ ಮಾತು ಹೇಳ್ರಿ."

"ಬರಲಿಲ್ಲಂತ ತಿಳಕೋ ಹಂಗಾರ."

ಮಾಸ್ತರರು ಸುಣ್ಣದ ಡಬ್ಬಿಯ ಮುಚ್ಚಳ ಹುಡುಕುತ್ತಿದ್ದರು. ಅವಳಿಗೆ ರೋಷ ಬಂತು. ಬಾವಿಯ ಅಂಚಿಗೆ ತಂದು ನಿಲ್ಲಿಸಿ ಹಗ್ಗ ಬಿಡುವುದೆಂದರೇನು? ಆಗ ಅವಳಿಗೆ ಒಂದು ಮಾತು ನೆನಪಾಯಿತು. ಮೊಣಕಾಲೂರಿ ಮುಂದಕ್ಕೆ ಸರಿದಳು. ಚಿಕ್ಕಂದಿನಿಂದ ಈ ಮುದುಕನ ಒಂದು ಸುಳ್ಳನ್ನಾದರೂ ಬಾಲ ಹಿಡಿದು ಎಳೆಯಬೇಕೆಂಬ ಆಸೆ ಅವಳಿಗಿತ್ತು. ಸಾಕ್ಷಿಗಳೆಲ್ಲ ಸತ್ತವರಾದ್ದರಿಂದ ಅದು ಎಂದೂ ಕೈಗೆ ಸಿಕ್ಕಿರಲಿಲ್ಲ. ಇಂದು ಸಿಕ್ಕಿತ್ತು.

"ತಡೀರಿ ಮಾಸ್ತರ. ನಾ ಬಂದ ಕೂಡಲೆ ಏನಂದ್ರಿ? ಎತ್ತಿನ ಬಾವಿ ನೀರೂ ಕುಡದೀನಿ, ಎರಡ್ನೇ ಬಾವಿ ನೀರೂ ಕುಡದೀನಿ ಅಂದ್ರಿಲ್ಲ?"

"ಅಂದೆ."

"ನಡುವ ಏನಂದ್ರಿ? ಎರಡ್ನೇದು ಕಲ್ಲು ತುಂಬಿ ಮುಚ್ಚಿ ಮುನ್ನೂರು ವರ್ಷ ಆತು ಅಂದ್ರಿ."

"ಅಂದಿರಬೇಕು."

"ಮುನ್ನೂರು ವರ್ಷದ ಹಿಂದ ಮುಚ್ಚಿದ ಬಾವಿ ನೀರು ನೀವು ಹೆಂಗ ಕುಡದ್ರಿ? ಬಾವ್ಯಾಗ ನೀರು ಇತ್ತೋ ಇಲ್ಲೋ ಅನ್ನೂದು ಅಲ್ಲೇ ಇರ್ಲಿ. ನಿಮ್ಮ ಮಾತಿನ್ಯಾಗ ಬಾವಿನ ಇಲ್ಲಲ್ಲ."

ಮಾಸ್ತರರಿಗೆ ಸಿಟ್ಟು ಬರಲಿಲ್ಲ. ನಾಚಿಕೆಯೂ ಆಗಲಿಲ್ಲ. ಡಬ್ಬಿಯ ಮುಚ್ಚಳ ಸಿಕ್ಕಿತು, ಒತ್ತಿ ಮುಚ್ಚಿದರು. ಎರಡೂ ಹೆಗಲನ್ನು ಕಿವಿಯ ತನಕ ಏರಿಸಿ, ಇಳಿಸಿಬಿಟ್ಟರು.

"ನೀರಿನ ಲೆಕ್ಕದಾಗ ನನ್ನ ಚಲೋ ಹಿಡದಿ ತಂಗಿ, ಎತ್ತು ಏನಾತು ಅಂತ ಮಾತ್ರ ನೀ ಕೇಳ್ಲಿಲ್ಲ."

ಮಂದಾಕಿನಿ ಕಿಟಕಿಯ ಕಡೆ ತಿರುಗಿ ಕಿವಿಗೊಟ್ಟಳು. ಮೊಣಕಾಲಿನ ಮೇಲಿನ ಬೆರಳು ಅಲ್ಲಾಡುತ್ತಿರಲಿಲ್ಲ. ಕೆಳಗಿನ ಕೆಮ್ಮು ಕೇಳಿ ಎಷ್ಟು ಹೊತ್ತಾಗಿತ್ತೋ, ಅವಳಿಗೆ ನೆನಪಾಗಲಿಲ್ಲ.